ಎಪ್ಪತ್ತೊಂಬತ್ತು ಕಿಲೋ

ಸೋಮವಾರ ಬೆಳಗಾದರೆ ಶೈಲಾ ಚಪ್ಪಲಿ ಬಿಟ್ಟು, ಸೆರಗು ಬಿಗಿದು, ಉಸಿರು ಹಿಡಿದು ಕಾಟಾದ ಮೇಲೆ ನಿಲ್ಲುವಳು. ಅದೇನು ಮನುಷ್ಯರನ್ನು ತೂಗುವ ಕಾಟಾ ಅಲ್ಲ. ಒಣದ್ರಾಕ್ಷಿಯ ಹದಿನೈದು ಕಿಲೋ ಬಾಕ್ಸು ತೂಗಲು ಶೆಡ್ಡಿನಲ್ಲಿ ಇಟ್ಟದ್ದು. ಉಸಿರು ಹಿಡಿದರೆ ತೂಕ ಇಳಿಯುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಆದರೂ ಹಿಡಿಯುವಳು. ಆ ಸೋಮವಾರವೂ ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಕುಣಿದು ನಿಂತವು.

“ಎಷ್ಟ್ರಿ ಅತ್ತ್ಯಾರ?” ಸೊಸೆ ಉಜ್ವಲಾ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದಳು.

“ಎಪ್ಪತ್ತೊಂಬತ್ತ.”

“ಮತ್ತ?”

“ಮತ್ತ ಏನ್ ಮತ್ತ? ಹೋದ ವಾರ ಎಪ್ಪತ್ತೊಂಬತ್ತ, ಅದರ ಹಿಂದಿನ ವಾರ ಎಪ್ಪತ್ತೊಂಬತ್ತ. ಈ ಕಾಟಾಕ್ಕ ಬ್ಯಾರೆ ಅಂಕಿ ಬರಾಂಗಿಲ್ಲ ಅಂತ ಕಾಣತೈತಿ.”

ಅಂಕಿ ಹೀಗೆ ಒಂದೇ ಕಡೆ ನಿಂತು ಅದು ಆರನೆಯ ವಾರ. ಕಳೆದ ದೀಪಾವಳಿಯಲ್ಲಿ ಶೈಲಾ ಎಂಬತ್ತೇಳು ಕಿಲೋ ಇದ್ದಳು. ಲಕ್ಷ್ಮೀಪೂಜೆಗೆ ನೆಲದ ಮೇಲೆ ಕೂತವಳನ್ನು ಮತ್ತೆ ಎಬ್ಬಿಸಲು ಗಂಡ ಮುರಗೆಪ್ಪ ಒಂದು ಕಡೆ, ಮಗ ಅಮೋಲ ಒಂದು ಕಡೆ ಹಿಡಿಯಬೇಕಾಯಿತು. ಮರುದಿನವೇ ಮಿರಜಿನ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಮೊಣಕಾಲು ಸವೆದಿವೆ, ಸಕ್ಕರೆ ಕಾಯಿಲೆಯೂ ಬಾಗಿಲಿಗೆ ಬಂದು ನಿಂತಿದೆ, ಹನ್ನೆರಡು ಕಿಲೋ ಇಳಿಸಿದರೆ ನೆಲದ ಮೇಲೆ ಕೂತು ಏಳಬಹುದು, ಇಲ್ಲವಾದರೆ ಜೀವನಪೂರ್ತಿ ಖುರ್ಚಿಯೇ ಗತಿ ಎಂದರು.

ಖುರ್ಚಿಯೇ ಗತಿಯಾದರೆ ಶೈಲಾ ಅದಕ್ಕೂ ಒಗ್ಗಿಕೊಳ್ಳುತ್ತಿದ್ದಳೇನೋ. ಆದರೆ ಅದೇ ವಾರ ಉಜ್ವಲಾಗೆ ಎರಡು ತಿಂಗಳು ಎಂದು ತಿಳಿಯಿತು. ಚೊಚ್ಚಲ ಬಾಣಂತನ ತವರಿನದು. ಉಜ್ವಲಾಳ ತವರು ನಿಪ್ಪಾಣಿಯಲ್ಲಿ ತಾಯಿ ಇರಲಿಲ್ಲ, ಮದುವೆಗೆ ಎರಡು ವರ್ಷ ಮುಂಚೆಯೇ ತೀರಿಕೊಂಡಿದ್ದಳು. ಅಣ್ಣ ವಿಶ್ವಾಸ, ಅವನ ಹೆಂಡತಿ ಇಬ್ಬರೂ ನೌಕರಿಯವರು. ಆಗ ಶೈಲಾ ಎಲ್ಲರೆದುರು ಮಾತು ಕೊಟ್ಟುಬಿಟ್ಟಳು: “ಬಾಣಂತನ ನಾ ಮಾಡತೀನಿ. ಕೂಸಿನ್ನ ನನ್ನ ಕಾಲ ಮ್ಯಾಲ ಹಾಕ್ಕೊಂಡು ನಾನ ಎರೀತೀನಿ.” ಅಮೋಲ ಕೂಸಾಗಿದ್ದಾಗ ಅವನಿಗೆ ಎರೆದದ್ದು ಅತ್ತೆ ಅಕ್ಕವ್ವ. ಈಗ ಅಕ್ಕವ್ವನಿಗೆ ಎಪ್ಪತ್ತಾರು, ಕೈ ನಡುಗುತ್ತವೆ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳುವುದಕ್ಕೆ ಮೊದಲು ಕೂಡ್ರಲು ಬರಬೇಕು. ಕೂತ ಮೇಲೆ ಕೂಸನ್ನು ಹಿಡಿದು ಏಳಲೂ ಬರಬೇಕು.

ಅಂದಿನಿಂದ ಅಡಿಗೆಮನೆ ಉಜ್ವಲಾಳ ಕೈಗೆ ಹೋಯಿತು. ಸಕ್ಕರೆ ಡಬ್ಬಿ ಅಟ್ಟ ಸೇರಿತು. ಅನ್ನ ವಾರಕ್ಕೊಮ್ಮೆ. ಶೈಲಾ ಬೆಳಕು ಹರಿಯುವ ಮೊದಲೇ ಎದ್ದು ತಮ್ಮ ದ್ರಾಕ್ಷಿ ತೋಟದ, ಅಂದರೆ ಪಡದ, ಸುತ್ತ ಮೂರು ಸುತ್ತು ಹಾಕತೊಡಗಿದಳು. ಅವರ ಊರು ಐಗಳಿಯ ಹೆಂಗಸರು ಸುಮ್ಮನೆ ಬಿಡುವವರೇ? “ಏನ್ ಶೈಲಕ್ಕಾ, ಪಡಕ್ಕ ಪ್ರದಕ್ಷಿಣಿ ಹಾಕಾಕತ್ತಿ, ಗುಡಿ ಯಾವಾಗ ಕಟ್ಟಸ್ತಿ?” ಎಂದು ನಕ್ಕರು. ಶೈಲಾಳೂ ನಕ್ಕಳು, ಏಕೆಂದರೆ ಆಗ ಕಾಟಾ ಅವಳ ಕಡೆಗಿತ್ತು. ಎಂಬತ್ತೈದು, ಎಂಬತ್ಮೂರು, ಎಂಬತ್ತು. ಫೆಬ್ರುವರಿಯಲ್ಲಿ ಎಪ್ಪತ್ತೊಂಬತ್ತಕ್ಕೆ ಬಂದದ್ದೇ ಬಂದದ್ದು, ಅಲ್ಲಿಯೇ ಕೂತುಬಿಟ್ಟಿತು.

ಆ ದಿನ ಮಧ್ಯಾಹ್ನ ಮುರಗೆಪ್ಪ ತನ್ನ ತಾಟು ನೋಡಿದ. ಎರಡು ಜೋಳದ ರೊಟ್ಟಿ, ಮೊಳಕೆ ಹೆಸರಿನ ಪಲ್ಯ, ಸೌತೆಕಾಯಿ, ಒಂದು ಬಟ್ಟಲು ಮೊಸರು.

“ಅನ್ನ?”

“ಇವತ್ತ ಇಲ್ರಿ ಮಾವಾರ.”

“ನಿನ್ನೆ?”

“ನಿನ್ನೆನೂ ಇರಲಿಲ್ರಿ.”

“ಹಂಗಾರ ನನಗ ಮರವು ಬಂದಿಲ್ಲ, ಸುಳ್ಳ ಅಂಜಿದ್ನಿ,” ಎಂದು ಮುರಗೆಪ್ಪ ರೊಟ್ಟಿ ಮುರಿದ. “ಅಲ್ಲ, ಶೈಲಾನ ಮೊಣಕಾಲಿಗೆ ನನ್ನ ಹೊಟ್ಟಿಗೇನು ಸಂಬಂಧ? ಆಕಿ ಇಳದಿದ್ರ ನಾನೂ ಸುಮ್ಮ ತಿಂತಿದ್ನಿ. ಆಕಿ ಇಳೀವಲ್ಲಳು, ನನಗ ಅನ್ನ ಇಲ್ಲ. ಎರಡೂ ಕಡೆ ಲುಕ್ಸಾನ!”

“ನಿನ್ನ ಪ್ಯಾಂಟಿನ ಪಟ್ಟಾ ಎರಡ ತೂತ ಒಳಗ ಹೋಗೈತಿ, ಅದನ್ನ ನೋಡ್ಕೊ ಮೊದಲ,” ಎಂದಳು ಮೂಲೆಯಲ್ಲಿ ಕೂತ ಅಕ್ಕವ್ವ.

ಅಮೋಲ ಪಿಸಕ್ಕನೆ ನಕ್ಕ. ಶೈಲಾ ನಗಲಿಲ್ಲ. ಅವಳು ತನ್ನ ಎರಡನೆಯ ರೊಟ್ಟಿಯನ್ನು ತಾಟಿನಿಂದ ತೆಗೆದು ಬುಟ್ಟಿಗೆ ಹಾಕಿದಳು. “ನಾಳಿಂದ ನನಗ ಒಂದ ರೊಟ್ಟಿ ಸಾಕು. ಇಲ್ಲಂದ್ರ ಅದೂ ಬ್ಯಾಡ.”

“ಹಂಗ ಮಾಡಬ್ಯಾಡ್ರಿ ಅತ್ತ್ಯಾರ. ನೀವು ತಿನ್ನೂದು ಬರೊಬ್ಬರಿ ಐತಿ. ಎಲ್ಲೋ ಏನೋ ತಪ್ಪಾಕತ್ತೈತಿ,” ಎಂದಳು ಉಜ್ವಲಾ. ಅತ್ತೆಯ ತಾಟಿಗೆ ಬೀಳುವ ಒಂದೊಂದು ತುತ್ತೂ ತನ್ನ ಕಣ್ಣೆದುರೇ ಬೀಳುತ್ತಿತ್ತು. ಹಾಗಾದರೆ ಈ ಎಪ್ಪತ್ತೊಂಬತ್ತು ಎಲ್ಲಿಂದ ಉಣ್ಣುತ್ತಿದೆ ಎಂದು ಆ ಹುಡುಗಿಗೆ ತಿಳಿಯಲೊಲ್ಲದು.

ತಿಳಿದದ್ದು ಎರಡು ದಿನದ ಮೇಲೆ, ಶೆಡ್ಡಿನಲ್ಲಿ. ಅದು ಒಣದ್ರಾಕ್ಷಿ, ಅಂದರೆ ಆ ಕಡೆಯ ಮಾತಿನ ಮನೂಕ, ಆರಿಸುವ ಹಂಗಾಮು. ರ್‍ಯಾಕಿನ ಮೇಲೆ ಒಣಗಿದ ಹಣ್ಣು ಬುಟ್ಟಿಬುಟ್ಟಿಯಾಗಿ ಇಳಿದು ಬರುತ್ತದೆ. ಎಂಟು ಹೆಂಗಸರು ಸುತ್ತ ಕೂತು ಕಡ್ಡಿ, ಕಪ್ಪು ಹಣ್ಣು ಆರಿಸಿ ತೆಗೆಯುತ್ತಾರೆ. ಶೈಲಾ ನಡುವೆ ಎತ್ತರದ ಸ್ಟೂಲಿನ ಮೇಲೆ. ಪ್ರತಿ ಬುಟ್ಟಿಯೂ ಮೊದಲು ಅವಳ ಮುಂದೆ ಬರಬೇಕು. ಅವಳು ಒಂದು ಚಿಟಿಕೆ ಬಾಯಿಗೆ ಹಾಕಿ, ಹಲ್ಲಿನಲ್ಲಿ ಒತ್ತಿ, “ಒಂದನೇದು” ಎನ್ನುವಳು, ಇಲ್ಲವೇ “ಎರಡನೇದು”, ಇಲ್ಲವೇ “ಇನ್ನೂ ಹಸಿ ಐತಿ, ರ್‍ಯಾಕಿಗೆ ಹಾಕ್ರಿ”. ಸಾಂಗಲಿಯ ವ್ಯಾಪಾರಿಗಳು ಕೂಡ “ಶೈಲಾಬಾಯಿ ಬಾಯಾಗ ಹಾಕ್ಯಾರೇನ್ರಿ?” ಎಂದು ಕೇಳಿಯೇ ಬೆಲೆ ಮಾತನಾಡುವರು. ಸೋಮವಾರದ ಒಪ್ಪತ್ತಿನ ದಿನವೂ ಶೈಲಾ ಹೀಗೆ ಬಾಯಿಗೆ ಹಾಕುತ್ತಿದ್ದಳು. ಅದು ತಿನ್ನುವುದಲ್ಲ, ನೋಡುವುದು. ಅಳಿಯ ಅಲ್ಲ, ಮಗಳ ಗಂಡ!

ಆವತ್ತು ಮುಂಜಾನೆ ಉಜ್ವಲಾ ಮಜ್ಜಿಗೆ ತಂದವಳು ಅಲ್ಲಿಯೇ ಖುರ್ಚಿ ಹಾಕಿಕೊಂಡು ಕೂತಳು. ಕೈಯಲ್ಲಿ ಸ್ಟೀಲಿನ ಬಟ್ಟಲು. ಮಧ್ಯಾಹ್ನ ಹೆಂಗಸರು ಊಟಕ್ಕೆ ಏಳುವ ಹೊತ್ತಿಗೆ ಆ ಬಟ್ಟಲನ್ನು ತಂದು ಅತ್ತೆಯ ಮುಂದೆ ಹಿಡಿದಳು. ಅರ್ಧಕ್ಕಿಂತ ಮೇಲೆ ಒಣದ್ರಾಕ್ಷಿ ತುಂಬಿತ್ತು.

“ಏನಿದು?”

“ನೀವು ಮುಂಜಾನಿಂದ ಬಾಯಾಗ ಹಾಕ್ಕೊಂಡದ್ದರಿ. ನೀವು ಒಂದ ಚಿಟಿಕಿ ಹಾಕ್ಕೊಂಡಾಗೊಮ್ಮೆ ನಾನೂ ಒಂದ ಚಿಟಿಕಿ ಇದರಾಗ ಹಾಕೀನ್ರಿ. ಈಗ ಸಣ್ಣ ಕಾಟಾದ ಮ್ಯಾಲ ಇಟ್ಟ ನೋಡಿದ್ನಿ. ಕಾಲ ಕಿಲೋಕ್ಕ ಸ್ವಲ್ಪ ಕಮ್ಮಿ ಐತ್ರಿ. ಇನ್ನೂ ಅರ್ಧಾ ದಿನ ಐತಿ.”

ಹಿಂದಿನ ಸಾಲಿನಲ್ಲಿ ಲಗಮವ್ವ ಕಿಸಕ್ಕನೆ ನಕ್ಕು ಸೆರಗು ಬಾಯಿಗೆ ಒತ್ತಿಕೊಂಡಳು. ಶೈಲಾಳ ಮುಖ ಕೆಂಪಗಾಯಿತು.

“ನಾ ತಿಂದೇನೇನು? ನಾ ನೋಡೀನಿ.”

“ನೋಡಿದ್ದನ್ನ ಉಗಳಿಲ್ಲಲ್ರಿ ಅತ್ತ್ಯಾರ. ನುಂಗೀರಿ.”

“ಇಪ್ಪತ್ತೆಂಟ ವರ್ಷ ಈ ನಾಲಗಿ ಮ್ಯಾಲ ಈ ಮನಿ ಮಾಲು ನಿಂತೈತಿ. ನಿನ್ನೆ ಮೊನ್ನೆ ಬಂದಾಕಿ ನೀ, ನನ್ನ ಬಾಯಿ ತೂಗಾಕ ಬಂದೀಯೇನು?”

“ನಿಮ್ಮ ಬಾಯಿ ಅಲ್ರಿ, ಮನೂಕ…”

“ಸಾಕ ಮಾಡು!” ಶೈಲಾ ಬಟ್ಟಲು ಕಿತ್ತುಕೊಂಡು ಬುಟ್ಟಿಗೆ ಸುರಿದು, ಕುಂಟುತ್ತ ಮನೆಗೆ ನಡೆದಳು.

ಹನಿ ಹನಿ ಕೂಡಿ ಹಳ್ಳ ಎಂಬುದು ಶೈಲಾಗೆ ತಿಳಿಯದ್ದೇನಲ್ಲ. ಹುಡುಗಿ ಹೇಳಿದ್ದು ಖರೆ ಎಂದು ಬಟ್ಟಲು ನೋಡಿದ ಕೂಡಲೇ ಅವಳಿಗೆ ಹೊಳೆದಿತ್ತು. ಸಿಟ್ಟು ಬಂದದ್ದೂ ಅದಕ್ಕೇ. ಉಜ್ವಲಾಳದೂ ತಪ್ಪಿತ್ತು. ಕೂಲಿ ಹೆಂಗಸರ ಮುಂದೆ ಅತ್ತೆಯ ಮಾನ ತೂಗಬಾರದಿತ್ತು, ಮನೆಗೆ ಬಂದು ಹೇಳಬಹುದಿತ್ತು. ಆದರೆ ಇಪ್ಪತ್ನಾಲ್ಕರ ಹುಡುಗಿಗೆ ಗೆದ್ದ ಉಮೇದು ಒಂದು ಕ್ಷಣ ತಡೆಯಲಿಲ್ಲ.

ಮರುದಿನ ಶೈಲಾ ಅಟ್ಟದಿಂದ ಸಕ್ಕರೆ ಡಬ್ಬಿ ಇಳಿಸಿ ಚಾಕ್ಕೆ ಎರಡು ಚಮಚ ಹಾಕಿಕೊಂಡಳು.

“ಹೆಂಗಿದ್ರೂ ಎಪ್ಪತ್ತೊಂಬತ್ತ. ಚಾ ಆದ್ರೂ ಬಾಯಿಗೆ ಹತ್ತಲಿ,” ಎಂದಳು. ಬೆಳಗಿನ ಸುತ್ತು ನಿಂತಿತು. ಮುರಗೆಪ್ಪನಿಗೆ ದಿನಾ ಅನ್ನ ಸಿಕ್ಕಿತು. ಸಿಕ್ಕರೇನು, ಯಾರೂ ಯಾರ ಜೊತೆಗೂ ಮಾತನಾಡದ ಮನೆಯಲ್ಲಿ ಅನ್ನಕ್ಕೆ ಏನು ರುಚಿ? ಮೂರನೆಯ ದಿನ ಅವನೇ “ಒಂದ ರೊಟ್ಟಿ ಹಾಕ್ರಿ” ಎಂದ. ಹತ್ತು ದಿನದಲ್ಲಿ ಶೈಲಾಳ ಬಲಮೊಣಕಾಲು ಮತ್ತೆ ಕಟಕಟ ಅನ್ನತೊಡಗಿತು.

ಒಂದು ಸಂಜೆ ಅಮೋಲ ರೊಟ್ಟಿ ಬಡಿಯುತ್ತಿದ್ದ ತಾಯಿಯ ಹತ್ತಿರ ಬಂದು ನಿಂತ.

“ಯವ್ವಾ, ಉಜ್ವಲಾ ವಿಶ್ವಾಸಗ ಫೋನ್ ಮಾಡ್ಯಾಳ. ಕುಬಸಕ್ಕ ಬಂದಾವ ಹಂಗ ಆಕಿನ್ನ ನಿಪ್ಪಾಣಿಗೆ ಕರ್ಕೊಂಡು ಹೋಗ್ತಾನಂತ. ಬಾಣಂತನಕ್ಕ ಕೂಲಿ ಹೆಂಗಸನ್ನ ನೋಡ್ಯಾರಂತ.”

“ಯಾಕಂತ?”

“‘ನನ್ನ ಸಲುವಾಗಿ ಅತ್ತ್ಯಾರು ಅರೆಹೊಟ್ಟಿ ಇರೂದು ಬ್ಯಾಡ, ಮನ್ಯಾಗ ಜಗಳ ಬ್ಯಾಡ’ ಅಂತಾಳ.”

“ಹೋಗಲಿ ಬಿಡು. ಆಕಿ ತವರು, ಆಕಿ ಇಷ್ಟ,” ಎಂದಳು ಶೈಲಾ. ಹೆಂಚಿನ ಮೇಲಿನ ರೊಟ್ಟಿ ಕರಕಲಾಗಿ ಹೊಗೆ ಎದ್ದರೂ ಅವಳಿಗೆ ಗೊತ್ತಾಗಲಿಲ್ಲ. ಅಮೋಲನೇ ಒಲೆ ಆರಿಸಿದ. ತನ್ನ ಮೊಮ್ಮಗುವಿಗೆ ಹಣ ತೆಗೆದುಕೊಂಡು ಯಾರೋ ಎರೆಯುತ್ತಾಳೆ. ತಾನು ಖುರ್ಚಿಯ ಮೇಲೆ ಕೂತು ಫೋನಿನಲ್ಲಿ ಕೂಸಿನ ಮುಖ ನೋಡಬೇಕು.

ಬಸುರಿಗೆ ಸೀಮಂತ ಮಾಡುವ ಕುಬಸದ ದಿನ ಬೆಳಿಗ್ಗೆ ಬಳೆಗಾರ್ತಿ ಕಮರುನ್ನಿಸಾ ಬಂದಳು. ಈ ಮನೆಗೆ ಇಪ್ಪತ್ತು ವರ್ಷದಿಂದ ಬಳೆ ತೊಡಿಸುವವಳು. ಉಜ್ವಲಾಗೆ ಎರಡೂ ಕೈ ತುಂಬ ಹಸಿರು ಬಳೆ ಇಟ್ಟು, ಶೈಲಾಳ ಕೈ ಹಿಡಿದಳು.

“ನಿಮ್ಮ ಅಳತಿ ನನಗ ಬಾಯಿಪಾಠ ಅಕ್ಕಾ. ಎರಡ-ಹತ್ತ. ಅದೂ ಸಾಬೂಣ ಹಚ್ಚಿ.”

ಬಳೆ ಏರಿಸಿದಳು. ಬಳೆ ಸರ್ರನೆ ಏರಿತು. ಕೈ ಇಳಿಬಿಟ್ಟಾಗ ಸರ್ರನೆ ಇಳಿದು ಕೆಳಗೆ ಬಿದ್ದು ಒಡೆಯಿತು.

“ಅರೇ!” ಕಮರುನ್ನಿಸಾ ಅವಳ ಕೈಯನ್ನು ತಿರುಗಿಸಿ ನೋಡಿದಳು. “ಇದು ಎರಡ-ಎಂಟರ ಕೈ ಆಗೈತಲ್ಲ! ಏನ್ ಮಾಡೀರಿ?”

“ಏನೂ ಮಾಡಿಲ್ಲ. ಎರಡ ತಿಂಗಳಾತು, ಒಂದ ಗ್ರಾಂ ಇಳದಿಲ್ಲ ನಾ.”

“ಕಾಟಾದ ಮಾತ ನನಗ ಗೊತ್ತಿಲ್ಲ ಅಕ್ಕಾ. ಬಳಿ ಸುಳ್ಳ ಹೇಳಾಂಗಿಲ್ಲ.”

ಮಧ್ಯಾಹ್ನ ನಡುಮನೆಯಲ್ಲಿ ಉಜ್ವಲಾಳನ್ನು ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂಡ್ರಿಸಿದರು. ಪಕ್ಕದಲ್ಲಿ ಇನ್ನೊಂದು ಮಣೆ, ಬಸುರಿಯ ತಾಯಿ ಕೂಡ್ರುವುದು. ಅದು ಖಾಲಿ ಇತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ವಿಶ್ವಾಸ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ, ತಂಗಿಯ ಬ್ಯಾಗು ಅವನ ಕಾಲ ಬಳಿ. ಅಮೋಲ ತಾಯಿಗೆಂದು ಖುರ್ಚಿ ತಂದಿಟ್ಟ.

ಶೈಲಾ ಖುರ್ಚಿ ನೋಡಿದಳು, ಖಾಲಿ ಮಣೆ ನೋಡಿದಳು. ಉಜ್ವಲಾ ಆ ಮಣೆಯ ಕಡೆ ನೋಡದಿರಲು ಕೈಯ ಬಳೆಗಳನ್ನೇ ತಿರುಗಿಸುತ್ತಿದ್ದಳು. ಶೈಲಾ ಸೆರಗು ನಡುವಿಗೆ ಸಿಕ್ಕಿಸಿ, ಒಂದು ಕೈ ಗೋಡೆಗೆ ಕೊಟ್ಟು, ಮೆಲ್ಲಗೆ ಬಾಗಿ ಮಣೆಯ ಮೇಲೆ ಕೂತುಬಿಟ್ಟಳು. ಮೊಣಕಾಲು ಕಟಕ್ ಎಂದಿತು. ನೋವಾಯಿತು, ಆದರೆ ದೀಪಾವಳಿಯ ನೋವಲ್ಲ.

“ಏನಬೇ, ಕುಂತಿ, ಎಬ್ಬಸಾವರ್‍ಯಾರು?” ಮುರಗೆಪ್ಪ ಹೊರಗಿನಿಂದಲೇ ಕೂಗಿದ.

“ನಾನ ಏಳತೀನಿ.”

ಉಡಿ ತುಂಬಿ, ಆರತಿ ಮಾಡಿ, ಹಾಡು ಮುಗಿಯಿತು. ಎಲ್ಲರ ಕಣ್ಣು ಶೈಲಾಳ ಮೇಲೆ. ಅವಳು ಒಂದು ಕಾಲು ಮಡಚಿ, ಅಂಗೈ ನೆಲಕ್ಕೊತ್ತಿ ಏಳಲು ನೋಡಿದಳು. ಆಗಲಿಲ್ಲ, ಕೂತಳು. ಉಜ್ವಲಾ ಕೈ ಚಾಚಿದಳು. “ಹಿಡೀಬ್ಯಾಡ, ನಿಲ್ಲು,” ಎಂದಳು ಶೈಲಾ. ಎರಡನೆಯ ಸಲ ತುಟಿ ಕಚ್ಚಿ ಮೇಲೆದ್ದು, ಗೋಡೆ ಬಿಟ್ಟು, ಎರಡೂ ಕಾಲ ಮೇಲೆ ನೆಟ್ಟಗೆ ನಿಂತಳು. ಅಕ್ಕವ್ವ ಮೂಲೆಯಿಂದ “ಭಲೇ!” ಎಂದಳು.

ಶೈಲಾ ಎಲ್ಲರೆದುರಿಗೇ ಸೊಸೆಯ ಕಡೆ ತಿರುಗಿದಳು. ಹೆಂಗಸರ ಮುಂದೆ ಹೋದ ಮಾನ ಹೆಂಗಸರ ಮುಂದೆಯೇ ಬರಬೇಕು, ತಪ್ಪು ಒಪ್ಪುವುದೂ ಅವರ ಮುಂದೆಯೇ ಆಗಬೇಕು.

“ಉಜ್ವಲಾ, ನಿನ್ನ ಆ ಬಟ್ಟಲ ಖರೆ ಇತ್ತು. ಖರೆ ಇತ್ತಂತ ನನಗ ಸಿಟ್ಟ ಬಂತು.”

“ನಾನೂ ಅಲ್ಲಿ ಹೇಳಬಾರದಿತ್ರಿ ಅತ್ತ್ಯಾರ. ತಪ್ಪಾತು.”

“ಹಂಗಾರ ನಿಪ್ಪಾಣಿಗೆ ಹೋಗತೀ?”

ಉಜ್ವಲಾ ಅಣ್ಣನ ಕಡೆ ನೋಡಿದಳು. ವಿಶ್ವಾಸ ಬ್ಯಾಗು ಎತ್ತಿಕೊಂಡು, ಹೊರಗಲ್ಲ, ಒಳಗಿನ ಕೋಣೆಗೆ ಒಯ್ದಿಟ್ಟು ಬಂದ. “ಊಟಕ್ಕ ಹಾಕ್ರಿ ಅತ್ತ್ಯಾರ, ನನಗ ಹಸಿವ್ಯಾಗೈತಿ,” ಎಂದ.

ಹೋಳಿಗೆ ಊಟದ ನಡುವೆ ಶೈಲಾ ಅರ್ಧ ಹೋಳಿಗೆ ತಿಂದು ಅರ್ಧ ಬಿಟ್ಟು, ಅತ್ತೆಯ ಹತ್ತಿರ ಸರಿದಳು. “ಅತ್ತಿ, ನಾಳೆ ಶೆಡ್ಡಿಗೆ ಬರ್ರಿ. ಬುಟ್ಟಿ ನೀವ ನೋಡ್ರಿ. ಈ ನಾಲಗಿ ಕಲಿಸಿದಾವ್ರು ನೀವ, ನಿಮಗ ತಿರುಗಿ ಕೊಡಾಕತ್ತೀನಿ.”

ಹಾಗೆ ಹೇಳುವಾಗ ಅವಳ ದನಿ ಸಣ್ಣಗಾಗಿತ್ತು. ಇಪ್ಪತ್ತೆಂಟು ವರ್ಷದ ಪಟ್ಟ ಬಿಡುವುದು ಎರಡು ಚಮಚ ಸಕ್ಕರೆ ಬಿಟ್ಟಷ್ಟು ಸುಲಭವಲ್ಲ. ಅಕ್ಕವ್ವನ ಮುಖ ಮಾತ್ರ ಅರಳಿತು.

“ನನಗ ಹಲ್ಲ ಮೂರ ಅದಾವ. ನಾಲಗಿ ಪೂರಾ ಐತಿ. ಸಕ್ಕರಿ ರೋಗ ಇಲ್ಲ. ಬರತೀನಿ!”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಮನೆಯಲ್ಲಿ ಅತ್ತೆಯ ಕಾಲ ತಿರುಗಿ ಬಂತು. ಮರುದಿನದಿಂದ ಅಕ್ಕವ್ವ ಶೆಡ್ಡಿನ ನಡುವೆ ಕೂತು, ದ್ರಾಕ್ಷಿಯನ್ನು ಒಸಡಿನಲ್ಲಿ ಒತ್ತಿ, ಕಣ್ಣು ಮುಚ್ಚಿ “ಒಂದನೇದು” ಎನ್ನತೊಡಗಿದಳು. ಶೈಲಾ ಬಾಯಿಯಲ್ಲಿ ಒಂದು ಲವಂಗ ಇಟ್ಟುಕೊಂಡು, ಹೆಂಗಸರ ಸಾಲಿನಲ್ಲಿ ಬೆರಳಿನಿಂದ ಒತ್ತಿ ನೋಡಿ ಆರಿಸಲು ಕಲಿತಳು. ಮೊದಮೊದಲು ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಆಗ ಲಗಮವ್ವ ಕೆಮ್ಮುವಳು.

ಇಷ್ಟೆಲ್ಲ ಆದರೂ ಮುಂದಿನ ಸೋಮವಾರ ಕಾಟಾ ತೋರಿಸಿದ್ದು ಎಂಬತ್ತು. ಅದರ ಮುಂದಿನ ವಾರ ಮತ್ತೆ ಎಪ್ಪತ್ತೊಂಬತ್ತು. ಶೈಲಾ ಇಳಿದು ಚಪ್ಪಲಿ ಮೆಟ್ಟಿದಳು. ಮುರಗೆಪ್ಪ ಅವಳ ಮುಖ ನೋಡಿ, ಕಾಟಾವನ್ನು ಎಳೆದು ಅಂಕಿ ಕಾಣದಂತೆ ಗೋಡೆಗೆ ತಿರುಗಿಸಿಟ್ಟ.

“ಏನ್ರಿ ಅದು?”

“ಸಸಿ ನೆಟ್ಟು ವಾರಕ್ಕೊಮ್ಮೆ ಕಿತ್ತ ನೋಡಿದ್ರ ಬೇರ ಹಿಡೀತೈತೇನು? ಕೂಸ ಹುಟ್ಟೂ ಮಟಾ ಇದನ್ನ ನೋಡಬ್ಯಾಡ. ಬಾಕ್ಸ ತೂಗೂದು ನಾನ ನೋಡ್ಕೋತೀನಿ. ನೀ ಕುಂತ ಏಳೂದು ನೋಡು.”

ಅದೇ ಆಯಿತು ಅವಳ ಲೆಕ್ಕ. ದಿನಾ ಮುಂಜಾನೆ ಪಡದ ಸುತ್ತ ಮೂರು ಸುತ್ತು ಮುಗಿಸಿ ಬಂದು ಬಚ್ಚಲಲ್ಲಿ ಮಣೆ ಹಾಕಿ ಕೂಡುವಳು, ಏಳುವಳು. ಮೊದಲು ಗೋಡೆ ಹಿಡಿದು ಎರಡು ಸಲ. ಬಸವಜಯಂತಿಯ ಹೊತ್ತಿಗೆ ನಾಲ್ಕು ಸಲ. ಮೇ ತಿಂಗಳಲ್ಲಿ ಎರಡು ಕಿಲೋ ಜೋಳದ ಚೀಲ ಎದೆಗವಚಿಕೊಂಡು ಏಳಲು ನೋಡಿದಳು. ಒಂದು ದಿನ ಆಯಿತು, ಮೂರು ದಿನ ಆಗಲಿಲ್ಲ, ಆಮೇಲೆ ದಿನಾ ಆಯಿತು. ಬಿಸಿಲು ಹೆಚ್ಚಾಗಿ ಬೇಸರ ಬಂದ ದಿನ ಒಂದೇ ಸುತ್ತು ಹಾಕಿ ಬಂದು ಮಲಗಿದಳು. ಮರುದಿನ ಮತ್ತೆ ಹೋದಳು. ಜೊತೆಗೆ ಮುರಗೆಪ್ಪನೂ ಹೋಗತೊಡಗಿದ, ಪೈಪು ನೋಡಲಿಕ್ಕೆ ಎಂದು ಹೇಳಿಕೊಂಡು. ಸಾಂಗಲಿಯ ವ್ಯಾಪಾರಿ ಬಂದು “ಯಾರ ನೋಡ್ಯಾರ್ರಿ ಮಾಲು?” ಎಂದು ಕೇಳಿದಾಗ ಅಕ್ಕವ್ವ ಮೂರು ಹಲ್ಲು ತೋರಿಸಿ ನಕ್ಕಳು. ಅವನು ಒಂದು ಹಣ್ಣು ಬಾಯಿಗೆ ಹಾಕಿ, ಮರುಮಾತಿಲ್ಲದೆ ಬಾಕ್ಸು ಹೇರಿಸಿದ.

ಜೂನ್ ಮೊದಲ ವಾರ ಅಥಣಿಯ ದವಾಖಾನೆಯಲ್ಲಿ ಉಜ್ವಲಾ ಹೆಣ್ಣು ಹೆತ್ತಳು. ಹೊಕ್ಕುಳಬಳ್ಳಿ ಬಿದ್ದು ಡಾಕ್ಟರು ಆಗಲಿ ಎಂದ ಮೇಲೆ, ಒಂದು ಮುಂಜಾನೆ ಬಚ್ಚಲಲ್ಲಿ ನೀರು ಕಾದಿತು. ಶೈಲಾ ಮಣೆಯ ಮೇಲೆ ಕೂತು ಕಾಲು ಚಾಚಿದಳು. ಅಕ್ಕವ್ವ ನಡುಗುವ ಕೈಯಿಂದ ಕೂಸನ್ನು ಇಳಿಸಿದಳು. ಎಣ್ಣೆ ಹಚ್ಚಿದ ಮೈ ಎರಡೂ ಕಾಲಿನ ನಡುವೆ ಹಗುರವಾಗಿ ಕೂತಿತು. ಬೆಚ್ಚಗಿನ ನೀರು ಬಿದ್ದಾಗ ಕೂಸು ಮೊದಲು ಚೀರಿ, ಆಮೇಲೆ ಕಣ್ಣು ಪಿಳಿಪಿಳಿ ಮಾಡಿ ಸುಮ್ಮನಾಯಿತು. ಬಾಗಿಲಲ್ಲಿ ನಿಂತ ಉಜ್ವಲಾ “ನಮ್ಮವ್ವನೂ ಹಿಂಗ ಎರೀತಿದ್ಲಂತ್ರಿ” ಎಂದು ಕಣ್ಣೊರೆಸಿಕೊಂಡಳು. ಶೈಲಾ ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಎದೆಗವಚಿ, ಒಂದೇ ಸಲಕ್ಕೆ ಎದ್ದಳು.

ಆ ವಾರ ಆಶಾ ಕಾರ್ಯಕರ್ತೆ ಕೂಸಿನ ತೂಕ ಕೇಳಿ ಫೋನ್ ಮಾಡಿದಳು. ಅಮೋಲ ಶೆಡ್ಡಿನ ಕಾಟಾವನ್ನು ಗೋಡೆಯಿಂದ ತಿರುಗಿಸಿದ. ಅಕ್ಕವ್ವ ಅಡ್ಡ ಬಂದಳು.

“ಎಳೀ ಕೂಸಿನ್ನ ಮನೂಕ ತೂಗಿದಂಗ ತೂಗತೀರೇನು? ದಿಟ್ಟಿ ಆಗತೈತಿ!”

“ಕೂಸಿನ್ನ ತೂಗಾಂಗಿಲ್ರಿ ಅತ್ತಿ, ನನ್ನ ತೂಗೂದು. ಕೂಸು ಬರೇ ನನ್ನ ಕೈಯಾಗ ಇರತೈತಿ,” ಎಂದಳು ಶೈಲಾ. ಅಕ್ಕವ್ವನಿಗೆ ಅದರಲ್ಲಿ ತಪ್ಪು ಸಿಗಲಿಲ್ಲ.

ಮೊದಲು ಶೈಲಾ ಒಬ್ಬಳೇ ಹತ್ತಿದಳು. ಎರಡು ತಿಂಗಳ ಮೇಲೆ ಹತ್ತಿದ್ದು. ಉಸಿರು ಹಿಡಿಯಲು ಮರೆತಳು. ಎಪ್ಪತ್ತಾರು. ಮುರಗೆಪ್ಪ ಸಿಳ್ಳೆ ಹೊಡೆದ. ಆಮೇಲೆ ಉಜ್ವಲಾ ಕೂಸನ್ನು ಅವಳ ಕೈಗಿತ್ತಳು. ಕೆಂಪು ಅಂಕಿಗಳು ಕುಣಿದು ಕ್ಷಣ ತಡೆದು ನಿಂತವು.

“ಎಷ್ಟ್ರಿ ಅತ್ತ್ಯಾರ?”

ಶೈಲಾ ಅಂಕಿ ನೋಡಿದಳು, ಕೂಸಿನ ಮುಖ ನೋಡಿದಳು. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು.

“ಎಪ್ಪತ್ತೊಂಬತ್ತ!” ಎಂದಳು. “ಆಗಿನ ಎಪ್ಪತ್ತೊಂಬತ್ತ ಎಷ್ಟ ವಜ್ಜಿ ಇತ್ತು, ಇದು ಎಷ್ಟ ಹಗುರ ಐತಿ ನೋಡ್ರಿ! ಮುಂದಿನ ತಿಂಗಳ ಇದು ಎಂಬತ್ತ ಆಗಬೇಕು.”

“ಆಗಲ್ರಿ,” ಎಂದಳು ಉಜ್ವಲಾ ಕೂಸಿಗೆ ಕೈ ಚಾಚುತ್ತ, “ಆದ್ರ ಏರೂದು ಬರೇ ಕೂಸಿಂದ ಏರಬೇಕ್ರಿ.”